ಒತ್ತಿದರೂ ಓಗೊಡದ ಬಟನ್: ಹಳೆಯ ಡಿಜಿಟಲ್ ವಾಚನ್ನು ಮನೆಯಲ್ಲೇ ಸರಿಮಾಡುವುದು ಹೇಗೆ

ನಮ್ಮ ಅಮ್ಮ ಕೈಗೆ ಕಟ್ಟುವುದು ಗಂಡಸರ ಡಿಜಿಟಲ್ ವಾಚು. ಮುಂಬೈಯ ಘಾಟ್‌ಕೋಪರ್‌ನ ಚಾಳಿನಲ್ಲಿ ಸಂಸಾರ ಹೂಡಿದ ಹೊಸದರಲ್ಲಿ ಸೋದರಮಾವ ದುಬೈಯಿಂದ ತಂದುಕೊಟ್ಟದ್ದು. ಬೆಳಗಿನ ಜಾವ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಅದು ಕೂಗಬೇಕು, ಅಮ್ಮ ಏಳಬೇಕು, ಡ್ರಮ್ಮು ತುಂಬಬೇಕು. ಇಷ್ಟು ವರ್ಷ ಹಾಗೇ ನಡೆದಿದೆ. ಈಗ ಮೊಬೈಲ್ ಇದೆ, ನಿಜ. ಆದರೆ ಅಮ್ಮನಿಗೆ ಎಚ್ಚರವಾಗುವುದು ಆ ಪುಟ್ಟ ಪಿಪ್ ಪಿಪ್ ಸದ್ದಿಗೇ.

ಕಳೆದ ವರ್ಷ ನಮ್ಮ ಕಡೆ ನೀರಿನ ಹೊತ್ತು ಬದಲಾಯಿತು. ಅಲಾರಂ ಅರ್ಧ ಗಂಟೆ ಮುಂಚೆ ಇಡೋಣ ಅಂದರೆ ಎಡಗಡೆಯ ಕೆಳಗಿನ ಬಟನ್ ಜಪ್ಪಯ್ಯ ಅಂದರೂ ಕೇಳಲಿಲ್ಲ. “ಎಂತ ಮಾರಾಯ ಇದು, ಒತ್ತಿ ಒತ್ತಿ ಹೆಬ್ಬೆರಳು ನೋವು ಬಂತು” ಅಂತ ಅಮ್ಮ ವಾಚನ್ನು ನನ್ನ ಕೈಗೆ ಹಾಕಿದರು. ಒಂದು ಅಂಗಡಿಗೆ ಒಯ್ದೆ. ಮುಚ್ಚಳವನ್ನೂ ತೆಗೆಯದೆ “ಇದರ ಸಾಮಾನು ಬರೋದು ನಿಂತಿದೆ, ಹೊಸದು ತಗೊಳ್ಳಿ” ಅಂದರು. ಬೇಸರವಾಯಿತು. ಭಾನುವಾರ ಕೂತು ನಾನೇ ಬಿಚ್ಚಿದೆ. ನೋಡಿದರೆ ಬಟನ್ನಿನ ಕಡ್ಡಿಯ ಸುತ್ತ ಅಕ್ಕಿಹಿಟ್ಟು, ತೆಂಗಿನೆಣ್ಣೆ, ಬೆವರು ಮೂರೂ ಸೇರಿ ಗಾರೆಯಂತೆ ಗಟ್ಟಿಯಾಗಿತ್ತು. ಅಮ್ಮ ನೀರುದೋಸೆಗೆ ಹಿಟ್ಟು ಕದಡುವಾಗಲೂ ವಾಚು ಬಿಚ್ಚುವವರಲ್ಲ. ಆ ಕೊಳೆ ತೆಗೆದೆ, ಬಟನ್ ಕೆಲಸ ಮಾಡಿತು. ಒಂದು ಸಾಮಾನೂ ಬೇಕಾಗಲಿಲ್ಲ.

ಆಮೇಲೆ ಪರಿಚಯದವರ ಹತ್ತಾರು ವಾಚು ಬಿಚ್ಚಿದ್ದೇನೆ. ಅವುಗಳಲ್ಲಿ ಬಟನ್ ನಿಜವಾಗಿ ಮುರಿದಿದ್ದದ್ದು ಬಹಳ ಕಡಿಮೆ. ಜಾಸ್ತಿ ಸಲ ದಾರಿ ಕಟ್ಟಿಕೊಂಡಿರುತ್ತದೆ, ಅಷ್ಟೇ. ಹಾಗಾಗಿ ನಾನು ಹೇಳುವ ಕ್ರಮ ಇದು: ಹೊರಗಿನಿಂದ ಶುರು ಮಾಡಿ, ಒಂದೊಂದೇ ಹೆಜ್ಜೆ ಒಳಗೆ ಹೋಗಿ. ಬಟನ್ ಎಲ್ಲಿ ಓಗೊಟ್ಟಿತೋ ಅಲ್ಲೇ ಕೈ ನಿಲ್ಲಿಸಿ. ಸರಿಯಾದ ಮೇಲೂ ಇನ್ನಷ್ಟು ಬಿಚ್ಚಿ ನೋಡೋಣ ಅಂತ ಹೋದಾಗಲೇ ವಾಚು ಹಾಳಾಗುವುದು.

ಬಟನ್ ಒಳಗೆ ಏನಿದೆ

ಇದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಹೊರಗೆ ಕಾಣುವ ಬಟನ್ ತಲೆ, ಅದರ ಹಿಂದೆ ಒಂದು ತೆಳ್ಳನೆ ಕಡ್ಡಿ. ಒತ್ತಿದ ಮೇಲೆ ಅದನ್ನು ವಾಪಸ್ ತಳ್ಳಲು ಒಂದು ಸ್ಪ್ರಿಂಗ್. ನೀರು ಒಳಗೆ ಹೋಗದಂತೆ ಕಡ್ಡಿಗೆ ಹಾಕಿದ ಸಾಸಿವೆಯಷ್ಟು ಚಿಕ್ಕ ರಬ್ಬರ್ ರಿಂಗ್. ಕಡ್ಡಿ ಹೊರಗೆ ಜಾರಿ ಬೀಳದಂತೆ ಕೇಸಿನ ಒಳಬದಿಗೆ ಒಂದು ಪುಟಾಣಿ ಲಾಕ್, ಇಂಗ್ಲಿಷಿನ ‘ಇ’ ಅಕ್ಷರದ ಆಕಾರದ್ದು.

ಬಹುಪಾಲು ಸಾದಾ ವಾಚುಗಳಲ್ಲಿ ಸ್ವಿಚ್ ಅಂತ ಬೇರೆ ವಸ್ತು ಇರುವುದಿಲ್ಲ. ಒಳಗಿನ ಮಷಿನ್ನಿನ ಪಕ್ಕದಲ್ಲಿ ತಗಡಿನ ತೆಳು ನಾಲಿಗೆಗಳು ಇರುತ್ತವೆ, ಒಂದೊಂದು ಬಟನ್ನಿಗೆ ಒಂದೊಂದು. ಕಡ್ಡಿ ಈ ನಾಲಿಗೆಯನ್ನು ತಳ್ಳುತ್ತದೆ. ನಾಲಿಗೆ ಹೋಗಿ ಸರ್ಕ್ಯೂಟ್ ಬೋರ್ಡಿನ ಅಂಚಿನಲ್ಲಿರುವ ಲೋಹದ ಚುಕ್ಕಿಗೆ ತಾಗುತ್ತದೆ. ತಾಗಿದ್ದು ಚಿಪ್ಪಿಗೆ ಗೊತ್ತಾಗುತ್ತದೆ. ಹಾಗಾದರೆ ತೊಂದರೆ ಬರುವ ಜಾಗ ಎರಡೇ ಅಲ್ವಾ? ಕಡ್ಡಿ ಪೂರ್ತಿ ಒಳಗೆ ಹೋಗುತ್ತಿಲ್ಲ, ಇಲ್ಲವೇ ನಾಲಿಗೆ ತಾಗಿದರೂ ನಡುವೆ ಕಿಲುಬು ಅಡ್ಡ ಬಂದಿದೆ.

ಡಿಜಿಟಲ್ ವಾಚಿಗೆ ಬಟನ್ ಎಷ್ಟು ಮುಖ್ಯ ಅನ್ನುವುದಕ್ಕೆ ಒಂದು ಹಳೆಯ ಸಂಗತಿ. 1972ರಲ್ಲಿ ಹ್ಯಾಮಿಲ್ಟನ್ ಕಂಪನಿ ಮಾರಾಟಕ್ಕೆ ತಂದ ‘ಪಲ್ಸರ್’ ವಾಚಿನ ಮುಖ ಯಾವಾಗಲೂ ಕಪ್ಪಾಗಿ ಇರುತ್ತಿತ್ತು. ಬಟನ್ ಒತ್ತಿದರೆ ಮಾತ್ರ ಕೆಂಪು ಅಂಕಿಗಳು ಬೆಳಗುತ್ತಿದ್ದವು. ಬಟನ್ ಕೆಟ್ಟರೆ ಗಂಟೆಯೇ ಕಾಣದು. ಆಮೇಲೆ ಬಂದ ಎಲ್‌ಸಿಡಿ ವಾಚುಗಳಲ್ಲಿ ಗಂಟೆ ಸದಾ ಕಾಣುತ್ತದೆ. ಹಾಗಾಗಿ ತಿಂಗಳುಗಟ್ಟಲೆ ಬಟನ್ ಮುಟ್ಟದೆಯೇ ಇರಬಹುದು. ಒತ್ತದೆ ಬಿಟ್ಟ ಬಟನ್ನೇ ಮೊದಲು ಅಂಟಿಕೊಳ್ಳುವುದು.

ಬಿಚ್ಚುವ ಮೊದಲು ಬೆರಳಿನಿಂದ ನೋಡಿ

ಸ್ಕ್ರೂಡ್ರೈವರ್ ಈಗಲೇ ಬೇಡ. ಮೊದಲು ಪ್ರತಿ ಬಟನ್ನನ್ನೂ ನಿಧಾನಕ್ಕೆ ಒತ್ತಿ, ಬೆರಳಿಗೆ ಏನು ತಿಳಿಯುತ್ತದೆ ನೋಡಿ.

ಒತ್ತಿದರೆ ಒಳಗೇ ಕೂತು ಹೊರಗೆ ಬಾರದಿದ್ದರೆ, ಅಥವಾ ಕಲ್ಲಿನಂತೆ ಅಲುಗದಿದ್ದರೆ, ಅದು ಕಡ್ಡಿಯ ಸುತ್ತಲಿನ ಕೊಳೆ. ಚೆನ್ನಾಗಿ ಒಳಗೆ ಹೋಗಿ ಹೊರಗೆ ಬಂದರೂ ಏನೂ ಆಗದಿದ್ದರೆ ಒಳಗಿನ ನಾಲಿಗೆಯ ಕಡೆ ಅನುಮಾನ ಪಡಬೇಕು. ಹತ್ತು ಸಲ ಒತ್ತಿದರೆ ಎರಡು ಸಲ ಕೆಲಸ ಮಾಡುತ್ತದೆ ಅಂದರೂ ಅದೇ. ಸಡಿಲವಾಗಿ ಅಲ್ಲಾಡಿ, ಒತ್ತಿದ್ದೇ ಗೊತ್ತಾಗದಿದ್ದರೆ ಸ್ಪ್ರಿಂಗ್ ಅಥವಾ ಲಾಕ್ ಕಳಚಿದೆ. ದೀಪ ಆರದೇ ಇರುವುದು, ಬಟನ್ ಮುಟ್ಟದೆಯೇ ಮೋಡ್ ಬದಲಾಗುವುದು ಇದ್ದರೆ ಯಾವುದೋ ಬಟನ್ ಒಳಗೇ ಸಿಕ್ಕಿಕೊಂಡಿದೆ. ಇದನ್ನು ಬೇಗ ನೋಡಿ, ಸೆಲ್ ಸುಮ್ನೆ ಖಾಲಿಯಾಗುತ್ತದೆ.

ಎಲ್ಲಾ ಬಟನ್ನುಗಳೂ ಒಟ್ಟಿಗೆ ಸತ್ತಿದ್ದು, ಸೆಕೆಂಡು ಮಾತ್ರ ಓಡುತ್ತಿದೆಯೇ? ಆಗ ಕೊಳೆ ಕಾರಣ ಆಗಿರುವುದು ಕಡಿಮೆ. ಸೆಲ್ ಸೋತಿರಬಹುದು, ಇಲ್ಲವೇ ಚಿಪ್ ಗೊಂದಲಕ್ಕೆ ಬಿದ್ದಿರಬಹುದು. ದೀಪದ ಬಟನ್ ಒತ್ತಿದಾಗ ಅಂಕಿಗಳು ಮಸುಕಾದರೆ ಸೆಲ್ ಹೋಗಿದೆ ಅಂತಲೇ ತಿಳಿಯಿರಿ.

ಇನ್ನೊಂದು ಮಾತು. ಗಂಟೆ ತಿದ್ದುವ ಬಟನ್ನನ್ನು ಕೆಲವು ವಾಚುಗಳಲ್ಲಿ ಎರಡು ಮೂರು ಸೆಕೆಂಡು ಒತ್ತಿ ಹಿಡಿಯಬೇಕು, ಒಮ್ಮೆ ತಟ್ಟಿದರೆ ಸಾಲದು. ಯಾವ ಬಟನ್ನಿನ ಕೆಲಸ ಏನು ಅಂತ ಮೊದಲು ತಿಳಿದುಕೊಳ್ಳಿ. ಮುಂಬೈ ಲೋಕಲ್‌ನಲ್ಲಿ ಇವತ್ತಿಗೂ ಎಷ್ಟೋ ಕೈಗಳಲ್ಲಿ ಕಾಣುವ ಕ್ಯಾಸಿಯೊ ಎಫ್-91ಡಬ್ಲ್ಯು ತಗೊಳ್ಳಿ. 1989ರಿಂದ ಬರುತ್ತಿರುವ ಮಾದರಿ. ಅದರಲ್ಲಿ ಎಡ ಮೇಲಿನ ಬಟನ್ ದೀಪಕ್ಕೆ, ಎಡ ಕೆಳಗಿನದು ಮೋಡ್ ಬದಲಿಸಲು. ಬಲಗಡೆಯದನ್ನು ಗಂಟೆ ಕಾಣುವಾಗ ಒತ್ತಿದರೆ 12 ಗಂಟೆ ಲೆಕ್ಕ 24 ಗಂಟೆ ಲೆಕ್ಕವಾಗುತ್ತದೆ. ಮೂರನ್ನೂ ಹೀಗೆ ಬೇರೆ ಬೇರೆ ಪರೀಕ್ಷೆ ಮಾಡಬಹುದು. ಅಲಾರಂ ಇಡಲು ಮೂರೂ ಬೇಕು. ಅದಕ್ಕೇ ಒಂದು ಬಟನ್ ಕೆಟ್ಟರೂ ಅಲಾರಂ ಪೂರಾ ಕೆಟ್ಟಂತೆ ಕಾಣುವುದು.

ಏನೇನು ಬೇಕು

ಹಳೆಯ ಟೂತ್‌ಬ್ರಷ್, ಮರದ ಹಲ್ಲುಕಡ್ಡಿ, ಹತ್ತಿ, ಚಿಮಟ, ವಾಚಿನ ಸ್ಕ್ರೂಡ್ರೈವರ್, ಕೊಳೆ ಕರಗಿಸಲು ಒಂದಿಷ್ಟು ಐಸೊಪ್ರೊಪೈಲ್ ಆಲ್ಕೋಹಾಲ್ (ಐಪಿಎ), ಚೂರು ಸಿಲಿಕೋನ್ ಗ್ರೀಸ್. ಸೆಲ್ ಸೋತಿದೆಯೇ ಅಂತ ಅಳೆದು ನೋಡಲು ಮಲ್ಟಿಮೀಟರ್ ಇದ್ದರೆ ಒಳ್ಳೆಯದು. ಇವೆಲ್ಲ ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದ ಲ್ಯಾಮಿಂಗ್ಟನ್ ರೋಡಿನಲ್ಲಿ ಒಂದೇ ಸುತ್ತಿಗೆ ಸಿಗುತ್ತವೆ. ಬೋರ್ಡುಗಳಲ್ಲಿ ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ ಅಂತ ಇರುತ್ತದೆ, ಜನ ಹೇಳುವುದು ಹಳೆಯ ಹೆಸರನ್ನೇ. ಅಂಗಡಿಯಲ್ಲಿ ‘ಐಪಿಎ’ ಅಂದರೆ ಸಾಕು, ಕೊಡುತ್ತಾರೆ. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ.

ಬೇಡದ್ದನ್ನೂ ಹೇಳಬೇಕು, ಯಾಕೆಂದರೆ ಹೆಚ್ಚು ವಾಚು ಹಾಳಾಗುವುದು ಇದರಿಂದಲೇ. ಸ್ಯಾನಿಟೈಸರ್ ಹಾಕಬೇಡಿ. ಅದರಲ್ಲಿ ನೀರೂ ಇರುತ್ತದೆ, ಕೈ ಒಣಗದಂತೆ ಸೇರಿಸಿದ ಗ್ಲಿಸರಿನ್ನೂ ಇರುತ್ತದೆ. ಒಣಗಿದ ಮೇಲೆ ಬಟನ್ ಇನ್ನೂ ಅಂಟಂಟಾಗುತ್ತದೆ. ತೆಂಗಿನೆಣ್ಣೆ, ಹೊಲಿಗೆ ಮಷಿನ್ ಎಣ್ಣೆ ಬೇಡ. ಆ ಹೊತ್ತಿಗೆ ನುಣ್ಣಗೆ ಓಡುತ್ತದೆ, ಒಂದು ತಿಂಗಳಲ್ಲಿ ಧೂಳೆಲ್ಲ ಅದಕ್ಕೇ ಅಂಟುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಅಂತೂ ಬೇಡವೇ ಬೇಡ. ಒಳಗೆ ಹರಡಿ ಎಲ್‌ಸಿಡಿ, ರಬ್ಬರ್ ಎರಡಕ್ಕೂ ಕುತ್ತು.

ಹೊರಗಿನಿಂದ ಶುಚಿ

ಒಣ ಬ್ರಷ್ಷಿನಿಂದ ಬಟನ್ ಸುತ್ತ ಉಜ್ಜಿ. ಹಲ್ಲುಕಡ್ಡಿಯ ತುದಿಯಿಂದ ಬಟನ್ ತಲೆಗೂ ಕೇಸಿಗೂ ನಡುವಿನ ಸಂದಿಯನ್ನು ಸುತ್ತಲೂ ಕೆರೆಯಿರಿ. ಸೂಜಿ ಬೇಡ, ರಬ್ಬರ್ ರಿಂಗಿಗೆ ತಾಗಿ ಹರಿಯುತ್ತದೆ. ಎಷ್ಟು ಕೊಳೆ ಬರುತ್ತದೆ ಅಂತ ನಿಮಗೇ ಆಶ್ಚರ್ಯವಾಗಬಹುದು.

ಈಗ ವಾಚನ್ನು ಆ ಬಟನ್ ನೆಲದ ಕಡೆ ಬರುವಂತೆ ಹಿಡಿಯಿರಿ. ಬ್ರಷ್ಷಿನ ತುದಿಗೆ ಒಂದೇ ಹನಿ ಐಪಿಎ ಹಾಕಿ ಕೆಳಗಿನಿಂದ ಸಂದಿಗೆ ತಾಗಿಸಿ. ಹಾಗೇ ಹಿಡಿದು ಇಪ್ಪತ್ತು ಮೂವತ್ತು ಸಲ ಒತ್ತಿ. ಬಟನ್ ಕೆಳಗಿದ್ದರೆ ಕರಗಿದ ಕೊಳೆ ಹೊರಗೆ ಇಳಿಯುತ್ತದೆ. ಮೇಲಿದ್ದರೆ ಅದೇ ಕೊಳೆ ಒಳಗೆ ಹೋಗಿ ಕೂರುತ್ತದೆ. ಹತ್ತಿಯಲ್ಲಿ ಒರೆಸಿ, ಮತ್ತೊಂದು ಹನಿ, ಮತ್ತೆ ಒತ್ತಿ. ಮೂರು ನಾಲ್ಕು ಸುತ್ತು ಮಾಡಿ. ಐಪಿಎ ಗಾಜಿನ ಮೇಲೆ ಬೀಳದಂತೆ ನೋಡಿಕೊಳ್ಳಿ. ಅಗ್ಗದ ವಾಚಿನ ಗಾಜು ಅಕ್ರಿಲಿಕ್ ಪ್ಲಾಸ್ಟಿಕ್, ಆಲ್ಕೋಹಾಲ್ ತಾಗಿದರೆ ಕೂದಲೆಳೆಯಂಥ ಬಿರುಕು ಬರಬಹುದು.

ಹಳೆಯ ವಾಚನ್ನು ಸೋಪಿನ ನೀರಲ್ಲಿ ಅದ್ದಿ ತೊಳೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಿಂದೆ ‘ವಾಟರ್ ರೆಸಿಸ್ಟ್’ ಅಂತ ಬರೆದಿರುತ್ತದೆ, ಆದರೆ ಆ ಮಾತು ಹೊಸ ರಬ್ಬರಿಗೆ ಸೇರಿದ್ದು.

ಇಷ್ಟಕ್ಕೇ ಬಟನ್ ಸರಿಹೋದರೆ ಇಲ್ಲಿಗೇ ಬಿಡಿ.

ಮುಚ್ಚಳ ತೆಗೆಯುವುದು

ಮುಂಬೈಯವರಿಗೆ ಒಂದು ವಿಶೇಷ ಎಚ್ಚರಿಕೆ. ಜೂನ್‌ನಿಂದ ಸೆಪ್ಟೆಂಬರ್ ತನಕ, ಮಳೆ ಜಡಿಯುತ್ತಿರುವ ದಿನ ವಾಚು ಬಿಚ್ಚಬೇಡಿ. ಹಸಿ ಗಾಳಿ ಒಳಗೇ ಸೇರಿ ಮುಚ್ಚಿಹೋಗುತ್ತದೆ. ಆಮೇಲೆ ಲೋಕಲ್ ರೈಲಿನ ಏಸಿ ಡಬ್ಬಿ ಹತ್ತಿದ ಕೂಡಲೇ ಗಾಜಿನ ಒಳಗೆ ಹಬೆ ಕಟ್ಟುತ್ತದೆ, ಅದೇ ನೀರು ನಾಲಿಗೆಗೆ ಕಿಲುಬು ಹಿಡಿಸುತ್ತದೆ. ತಡೆಯಲಾಗದಿದ್ದರೆ ಏಸಿ ಇರುವ ಕೋಣೆಯಲ್ಲಿ ಬಿಚ್ಚಿ.

ಅಂಚಿರುವ ದೊಡ್ಡ ಸ್ಟೀಲ್ ತಟ್ಟೆ ತಗೊಳ್ಳಿ. ಅದರಲ್ಲಿ ಬಿಳಿ ಬಟ್ಟೆ ಹಾಸಿ. ಎಲ್ಲಾ ಕೆಲಸ ಅದರ ಮೇಲೇ. ಫ್ಯಾನ್ ಆರಿಸಿ. ಪಟ್ಟಿ ಅಡ್ಡ ಬಂದರೆ ಕಳಚಿಡಿ.

ಹಿಂದೆ ಸಾಮಾನ್ಯವಾಗಿ ನಾಲ್ಕು ಸ್ಕ್ರೂ. ಸರಿಯಾದ ಅಳತೆಯ ಸ್ಕ್ರೂಡ್ರೈವರನ್ನು ಒತ್ತಿ ಹಿಡಿದು ತಿರುಗಿಸಿ. ದೊಡ್ಡದೋ ಚಿಕ್ಕದೋ ಹಾಕಿದರೆ ಸ್ಕ್ರೂ ತಲೆ ಸವೆದು ಕೆಲಸ ಅಲ್ಲೇ ನಿಲ್ಲುತ್ತದೆ. ಮುಚ್ಚಳ ಎತ್ತುವಾಗ ಆತುರ ಬೇಡ. ಪಿಪ್ ಪಿಪ್ ಸದ್ದು ಮಾಡುವ ಬಿಲ್ಲೆ ಹೆಚ್ಚಾಗಿ ಮುಚ್ಚಳದ ಒಳಮೈಗೇ ಅಂಟಿರುತ್ತದೆ. ಮಷಿನ್ನಿನಿಂದ ಅದಕ್ಕೆ ಕರೆಂಟು ಮುಟ್ಟಿಸಲು ಕೂದಲಿನಷ್ಟು ಸಣ್ಣ ತಂತಿಯ ಒಂದು ಸ್ಪ್ರಿಂಗ್ ನಿಂತಿರುತ್ತದೆ. ಅದು ಉದುರಿ ಹೋದರೆ ಬಟನ್ ಸರಿಯಾಗುತ್ತದೆ, ಅಲಾರಂ ಮೂಕವಾಗುತ್ತದೆ. ಹಾಗಾಗಿ ಮುಚ್ಚಳ ತೆಗೆದ ತಕ್ಷಣ ಮೊಬೈಲಿನಲ್ಲಿ ಫೋಟೊ ಹೊಡೆಯಿರಿ. ಪ್ರತಿ ಹೆಜ್ಜೆಗೂ ಹೊಡೆಯಿರಿ.

ಸುತ್ತಲಿನ ದೊಡ್ಡ ರಬ್ಬರ್ ರಿಂಗನ್ನು ಹಲ್ಲುಕಡ್ಡಿಯಿಂದ ಎತ್ತಿ ಬೇರೆ ಇಡಿ. ಈಗ ಮಷಿನ್ನಿನ ಅಂಚಿಗೆ ಹಲ್ಲುಕಡ್ಡಿ ಕೊಟ್ಟು ಬಟನ್ನಿಲ್ಲದ ಕಡೆಯಿಂದ ಮೆಲ್ಲನೆ ಎಬ್ಬಿಸಿ. ನಾಲಿಗೆಗಳು ಕೇಸಿಗೆ ಸಿಕ್ಕಿ ಬಾಗದಂತೆ ನೇರ ಮೇಲಕ್ಕೆ ತೆಗೆಯಬೇಕು.

ಮಷಿನ್ನನ್ನು ಮತ್ತೆ ತುಂಡು ತುಂಡು ಮಾಡಬೇಡಿ. ಎಲ್‌ಸಿಡಿಗೂ ಬೋರ್ಡಿಗೂ ನಡುವೆ ರಬ್ಬರಿನಂಥ ಒಂದು ಪಟ್ಟಿ ಇರುತ್ತದೆ. ಅಂಕಿಗಳಿಗೆ ಕರೆಂಟು ಹೋಗುವುದು ಅದರ ಮೂಲಕ. ಅದು ಚೂರು ಸರಿದರೂ 8 ಇದ್ದದ್ದು 3 ಆಗಿ ಕಾಣುತ್ತದೆ.

ತಪ್ಪು ಯಾವ ಕಡೆ?

ಇದು ಇಡೀ ರಿಪೇರಿಯ ಹೃದಯ. ಬಹಳಷ್ಟು ಮಂದಿ ಇದನ್ನು ಮಾಡದೆ ಎರಡೂ ಕಡೆ ಕೈ ಹಾಕುತ್ತಾರೆ.

ಮಷಿನ್ ಹೊರಗಿದೆ, ಸೆಲ್ ಅದರಲ್ಲೇ ಇದೆ, ಅಂಕಿ ಓಡುತ್ತಿದೆ. ಕೆಟ್ಟ ಬಟನ್ನಿಗೆ ಸೇರಿದ ನಾಲಿಗೆಯನ್ನು ಹಲ್ಲುಕಡ್ಡಿಯಿಂದ ಬೋರ್ಡಿನ ಅಂಚಿಗೆ ಮೆತ್ತಗೆ ತಾಗಿಸಿ. ಲೋಹದ ಚಿಮಟ ಬೇಡ, ಮರದ ಕಡ್ಡಿಯೇ ಇರಲಿ. ಮೋಡ್ ಬದಲಾಯಿತೇ? ದೀಪ ಬಂತೇ? ಹಾಗಾದರೆ ಮಷಿನ್ ಗಟ್ಟಿಮುಟ್ಟಾಗಿದೆ, ತಪ್ಪು ಕೇಸಿನಲ್ಲಿರುವ ಬಟನ್ನಿನದು. ಏನೂ ಆಗಲಿಲ್ಲವೇ? ಬಟನ್ ಸರಿ ಇರಬಹುದು, ತಪ್ಪು ನಾಲಿಗೆಯದು. ಬೇರೆ ನಾಲಿಗೆಗಳನ್ನೂ ಹೀಗೇ ತಾಗಿಸಿ, ಹೋಲಿಸಿ ನೋಡಿ.

ಅಮ್ಮನ ವಾಚಿನಲ್ಲಿ ನಾಲಿಗೆ ತಾಗಿಸಿದ ಕೂಡಲೇ ಅಲಾರಂ ಪುಟ ಬಂತು. ಸತ್ತಿದೆ ಅಂತ ಬಿಸಾಡಲು ಹೇಳಿದ್ದ ವಾಚು ಅದು. ಆ ಕ್ಷಣ ನನಗಾದ ಸಂತೋಷ ಇನ್ನೂ ನೆನಪಿದೆ.

ನಾಲಿಗೆಯ ತಪ್ಪಾದರೆ

ಸೆಲ್ ತೆಗೆಯಿರಿ. ಹಲ್ಲುಕಡ್ಡಿಯ ತುದಿಗೆ ಒಂದೆಳೆ ಹತ್ತಿ ಸುತ್ತಿ ಐಪಿಎಯಲ್ಲಿ ಅದ್ದಿ, ಹಿಂಡಿ, ಬೋರ್ಡಿನ ಅಂಚಿನ ಚುಕ್ಕಿಯನ್ನು ಉಜ್ಜಿ. ನಾಲಿಗೆಯ ಒಳಮೈಗೆ ಹತ್ತಿ ಹೋಗುವುದಿಲ್ಲ. ಬಿಳಿ ಕಾಗದದ ಸಣ್ಣ ಪಟ್ಟಿಗೆ ಐಪಿಎ ತಾಗಿಸಿ, ನಾಲಿಗೆಗೂ ಚುಕ್ಕಿಗೂ ನಡುವೆ ಇಟ್ಟು, ನಾಲಿಗೆಯನ್ನು ಮೆಲ್ಲಗೆ ಅದುಮಿ ಹಿಡಿದು ಕಾಗದ ಎಳೆಯಿರಿ. ಕಾಗದಕ್ಕೆ ಕಪ್ಪು ಹತ್ತುತ್ತದೆ. ಹತ್ತುವುದು ನಿಲ್ಲುವ ತನಕ ಮಾಡಿ.

ಬಿಳಿ ಅಥವಾ ಹಸಿರು ಬೂಷ್ಟಿನಂಥದ್ದು ಕಂಡರೆ ಸೆಲ್ ಸೋರಿರಬಹುದು. ಚಿಕ್ಕ ಆಲ್ಕಲೈನ್ ಬಟನ್ ಸೆಲ್ ಹಾಕಿ ವರ್ಷಗಟ್ಟಲೆ ಮರೆತ ವಾಚುಗಳಲ್ಲಿ ಇದು ಸಾಮಾನ್ಯ. ಆ ಸೋರಿಕೆ ಕ್ಷಾರ. ಅದಕ್ಕೆ ವಿನೆಗರ್ ತಾಗಿಸಿದ ಹತ್ತಿಯಿಂದ ಮೊದಲು ಒರೆಸಿ, ಮೇಲಿಂದ ಎರಡು ಸಲ ಐಪಿಎ ಒರೆಸಿ, ಪೂರ್ತಿ ಒಣಗಲು ಬಿಡಿ.

ಶುಚಿಯಾದ ಮೇಲೂ ಆಗದಿದ್ದರೆ ನಾಲಿಗೆ ಒಳಗೆ ಬಾಗಿದೆಯೇ, ಬಟನ್ನಿನ ಕಡ್ಡಿಯಿಂದ ದೂರ ಸರಿದಿದೆಯೇ ನೋಡಿ. ಪಕ್ಕದ ನಾಲಿಗೆಯ ಜೊತೆ ಹೋಲಿಸಿದರೆ ತಿಳಿಯುತ್ತದೆ. ಹೊರಗೆ ಬಾಗಿಸಬಹುದು, ಆದರೆ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಎರಡು ಮೂರು ಸಲ ಹಿಂದೆ ಮುಂದೆ ಬಾಗಿಸಿದರೆ ಮುರಿದೇ ಹೋಗುತ್ತದೆ.

ಬಟನ್ನಿನ ತಪ್ಪಾದರೆ

ಈಗ ಕೇಸು ಖಾಲಿ. ಧೈರ್ಯವಾಗಿ ಶುಚಿ ಮಾಡಬಹುದು, ನೀರೂ ಬಳಸಬಹುದು. ಒಳಗಿನಿಂದಲೂ ಹೊರಗಿನಿಂದಲೂ ಸೋಪಿನ ನೀರು ಹಾಕಿ ಬ್ರಷ್ಷಿನಿಂದ ಉಜ್ಜಿ, ಬಟನ್ ಒತ್ತುತ್ತಾ ಇರಿ. ತೊಳೆದು, ಸಂದಿಗೆ ಐಪಿಎ ಬಿಟ್ಟು ಒಣಗಿಸಿ. ಮುಕ್ಕಾಲು ಪಾಲು ಬಟನ್ನುಗಳು ಲಾಕ್ ತೆಗೆಯದೆ ಇಲ್ಲೇ ಸರಿಹೋಗಿರುವುದನ್ನು ನೋಡಿದ್ದೇನೆ.

ಆಗಲೂ ಬಿಗಿಯಾಗಿದ್ದರೆ ಮಾತ್ರ ಲಾಕ್ ತೆಗೆಯಿರಿ. ಕೇಸು, ಚಿಮಟ, ನಿಮ್ಮ ಎರಡೂ ಕೈ ಎಲ್ಲವನ್ನೂ ಒಂದು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದ ಒಳಗೆ ಇಟ್ಟುಕೊಂಡು ಮಾಡಿ. ಲಾಕ್ ಹಾರಿದರೂ ಚೀಲದಲ್ಲೇ ಬೀಳುತ್ತದೆ. ನೆಲಕ್ಕೆ ಬಿದ್ದರೆ ಸಿಗುವ ವಸ್ತು ಅಲ್ಲ ಅದು. ಬಟನ್ ತಲೆಯನ್ನು ಹೊರಗಿನಿಂದ ಒತ್ತಿ ಹಿಡಿದರೆ ಲಾಕ್ ಕೇಸಿನಿಂದ ಚೂರು ದೂರ ನಿಲ್ಲುತ್ತದೆ. ಆಗ ಚಿಮಟದ ತುದಿಯಿಂದ ಪಕ್ಕಕ್ಕೆ ತಳ್ಳಿ. ಕಡ್ಡಿ, ಸ್ಪ್ರಿಂಗ್ ಹೊರಗೆ ಬರುತ್ತವೆ. ಒಂದು ಸಲಕ್ಕೆ ಒಂದೇ ಬಟನ್ ಬಿಚ್ಚಿ, ಕಡ್ಡಿಗಳ ಉದ್ದ ಬೇರೆ ಬೇರೆ ಇರಬಹುದು.

ಕಡ್ಡಿಯ ಮೇಲೆ ತುಕ್ಕಿದ್ದರೆ 2000 ನಂಬರಿನ ಸ್ಯಾಂಡ್ ಪೇಪರಿನಿಂದ ಹಗುರವಾಗಿ ಉಜ್ಜಿ. ತೂತನ್ನು ಹಲ್ಲುಕಡ್ಡಿ ತಿರುಗಿಸಿ ಶುಚಿ ಮಾಡಿ. ರಬ್ಬರ್ ರಿಂಗಿಗೆ ಸಿಲಿಕೋನ್ ಗ್ರೀಸ್ ಹಚ್ಚಿ, ರಿಂಗ್ ಹೊಳೆದರೆ ಸಾಕು. ಜಾಸ್ತಿಯಾದರೆ ನಾಲಿಗೆಗೆ ಹತ್ತಿ ಅಲ್ಲೂ ತೊಂದರೆ. ಬಿಚ್ಚಿದ ಕ್ರಮಕ್ಕೆ ತಿರುವುಮುರುವಾಗಿ ಜೋಡಿಸಿ, ಬಟನ್ ಪಟ್ಟನೆ ಹೊರಗೆ ಚಿಮ್ಮುತ್ತದೆಯೇ ನೋಡಿ.

ಸೆಲ್ ಮತ್ತು ರೀಸೆಟ್

ಸೆಲ್ಲಿನ ಮೇಲೇ ನಂಬರ್ ಇರುತ್ತದೆ. ಎಫ್-91ಡಬ್ಲ್ಯುಗೆ ಸಿಆರ್2016, ಅಂದರೆ 20 ಮಿಲಿಮೀಟರ್ ಅಗಲ, 1.6 ಮಿಲಿಮೀಟರ್ ದಪ್ಪ. ಸಿಆರ್2025 ಕೂಡ ಅಷ್ಟೇ ಅಗಲ, ಆದರೆ ದಪ್ಪ 2.5. ತುರುಕಿದರೆ ಮುಚ್ಚಳ ಕೂರುವುದಿಲ್ಲ, ಬೋರ್ಡು ಬಾಗುತ್ತದೆ. ಲೋಹದ ಚಿಮಟದಿಂದ ಸೆಲ್ಲಿನ ಎರಡೂ ಮುಖ ಒಟ್ಟಿಗೆ ಹಿಡಿಯಬೇಡಿ, ಶಾರ್ಟ್ ಆಗುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹಳೆಯ ಸೆಲ್ಲನ್ನು ಕೂಡಲೇ ಟೇಪ್ ಸುತ್ತಿ ಎತ್ತಿಡಿ. ನುಂಗಿದರೆ ಗಂಟಲು ಸುಟ್ಟು ಪ್ರಾಣಕ್ಕೇ ಅಪಾಯ.

ಸೆಲ್ ಹಾಕಿದ ಮೇಲೆ ಅಂಕಿಗಳು ಹುಚ್ಚುಚ್ಚಾಗಿ ಬಂದರೆ, ಯಾವ ಬಟನ್ನೂ ಕೇಳದಿದ್ದರೆ ಹೆದರಬೇಡಿ. ಬಹಳ ಕ್ಯಾಸಿಯೊ ಮಷಿನ್ನುಗಳ ಮೇಲೆ ‘ಎಸಿ’ ಅಂತ ಇಂಗ್ಲಿಷಿನಲ್ಲಿ ಕೆತ್ತಿದ ಜಾಗ ಇರುತ್ತದೆ. ಲೋಹದ ಚಿಮಟದ ಒಂದು ಕಾಲನ್ನು ಅಲ್ಲಿಗೂ, ಇನ್ನೊಂದನ್ನು ಸೆಲ್ಲಿನ ಪ್ಲಸ್ ಮುಖಕ್ಕೂ ಎರಡು ಸೆಕೆಂಡು ತಾಗಿಸಿ. ಚಿಪ್ ಹೊಸದಾಗಿ ಶುರುವಾಗುತ್ತದೆ. ಎಲ್ಲಾ ಬಟನ್ನೂ ಒಟ್ಟಿಗೆ ಸತ್ತಿದ್ದ ವಾಚುಗಳು ಇದೊಂದರಲ್ಲೇ ಎದ್ದಿವೆ.

ಮುಚ್ಚುವುದು

ಮಷಿನ್ ಕೂರಿಸಿ, ಮುಚ್ಚುವ ಮೊದಲೇ ಎಲ್ಲಾ ಬಟನ್ ಒತ್ತಿ ನೋಡಿ. ಅಲಾರಂ ಸ್ಪ್ರಿಂಗ್ ಜಾಗದಲ್ಲಿದೆಯೇ ನೋಡಿ. ದೊಡ್ಡ ರಬ್ಬರ್ ರಿಂಗನ್ನು ಒರೆಸಿ, ಗ್ರೀಸಿನ ಕೈಯಿಂದ ಒಮ್ಮೆ ಸವರಿ ಅದರ ಕಾಲುವೆಯಲ್ಲಿ ಕೂರಿಸಿ. ಸ್ಕ್ರೂಗಳನ್ನು ಮೊದಲು ಹಿಂದಕ್ಕೆ ತಿರುಗಿಸಿ. ‘ಟಕ್’ ಅಂತ ಇಳಿದದ್ದು ಬೆರಳಿಗೆ ಗೊತ್ತಾದ ಮೇಲೆ ಮುಂದಕ್ಕೆ ತಿರುಗಿಸಿ. ಪ್ಲಾಸ್ಟಿಕ್ ಕೇಸಿನಲ್ಲಿ ಹಳೆಯ ಗೆರೆಗಳಿಗೇ ಸ್ಕ್ರೂ ಹಿಡಿಯಬೇಕು, ಹೊಸ ಗೆರೆ ಕೊರೆದರೆ ಆ ತೂತು ಹೋಯಿತು. ಎದುರುಬದುರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಇಷ್ಟೆಲ್ಲ ಮಾಡಿಯೂ ನಾಲಿಗೆ ಮುರಿದಿದ್ದರೆ, ಬೋರ್ಡಿನ ಗೆರೆಯನ್ನೇ ಕಿಲುಬು ತಿಂದಿದ್ದರೆ, ಅದೇ ಮಾದರಿಯ ಇನ್ನೊಂದು ಹಳೆಯ ವಾಚು ಹುಡುಕುವುದು ಒಳ್ಳೆಯದು. ಕ್ಯಾಸಿಯೊ ಆದರೆ ಮುಚ್ಚಳದ ಮೇಲೆ ಚಿಕ್ಕ ಚೌಕದೊಳಗೆ ಮಷಿನ್ ನಂಬರ್ ಇರುತ್ತದೆ, ಎಫ್-91ಡಬ್ಲ್ಯುಗೆ 593. ನಂಬರ್ ಒಂದೇ ಆಗಿರಬೇಕು. ಶುಕ್ರವಾರ ಬೆಳಿಗ್ಗೆ ಚೋರ್ ಬಜಾರ್ ಸುತ್ತಿದರೆ ಕೆಟ್ಟ ವಾಚುಗಳ ರಾಶಿಯಲ್ಲಿ ಸಿಗುವ ಸಾಧ್ಯತೆ ಇದೆ.

ಮುಚ್ಚಿದ ವಾಚನ್ನು ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಗಾಜಿನ ಮೇಲೆ ಐಸ್ ತುಂಡೊಂದನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಒಂದು ನಿಮಿಷ ಇಟ್ಟು ತೆಗೆಯಿರಿ. ಒಳಗೆ ಹಬೆ ಕಂಡರೆ ಮತ್ತೆ ಮುಚ್ಚಳ ತೆಗೆದು, ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿ ಡಬ್ಬಿಯಲ್ಲಿ ಒಂದು ದಿನ ಇಡಿ, ಆಮೇಲೆ ಮುಚ್ಚಿ. ಹಬೆ ಇಲ್ಲದಿದ್ದರೆ ಕೈಗೆ ಕಟ್ಟಿ. ಸ್ನಾನಕ್ಕೆ, ಪಾತ್ರೆ ತೊಳೆಯುವುದಕ್ಕೆ, ಹಿಟ್ಟು ಕದಡುವುದಕ್ಕೆ ಮಾತ್ರ ಬಿಚ್ಚಿಡಿ. ಒದ್ದೆ ಇರುವಾಗ ಬಟನ್ ಒತ್ತಬೇಡಿ. ವಾರಕ್ಕೊಮ್ಮೆ ಎಲ್ಲಾ ಬಟನ್ನುಗಳನ್ನೂ ನಾಲ್ಕು ನಾಲ್ಕು ಸಲ ಒತ್ತಿ. ಅಮ್ಮ ಇದನ್ನು ಶನಿವಾರ ಮಾಡುತ್ತಾರೆ, ಡ್ರಮ್ಮು ತುಂಬುವ ತನಕ ಕಾಯುತ್ತಾ ನಿಂತಾಗ.